ಬೆಳಗೊಳದ ಗುಳ್ಳಕಾಯಜ್ಜಿ

ಚನ್ನರಾಯಪಟ್ಟಣಕ್ಕೆ ಮೊದಲಿದ್ದ ಹೆಸರು ಕೊಳತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕನು ಅದನ್ನು ವಶಪಡಿಸಿಕೊಂಡು, ಚನ್ನರಾಯಸ್ವಾಮಿಯ ಅನುಗ್ರಹದಿಂದ ಹುಟ್ಟಿದನೆಂದು ನಂಬಿದ್ದ ತನ್ನ ಮಗ ಚನ್ನರಾಯನಿಗೆ ಕೊಟ್ಟನು. ಊರಿಗೂ ಅದೇ ಹೆಸರು ನಿಂತಿತು. ಪ್ರಭುಗಳ ಮಕ್ಕಳ ಹೆಸರು ಊರಿಗೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಇದೇ ತಾಲ್ಲೂಕಿನಲ್ಲಿ ಜನರ ಬಾಯಲ್ಲಿ ಉಳಿದಿರುವ ಕಥೆ, ಹೆತ್ತವರಿಟ್ಟ ಹೆಸರೇ ತಿಳಿಯದ ಒಬ್ಬ ಮುದುಕಿಯದು. ಅವಳನ್ನು ಕಾಣಬೇಕಾದರೆ ಸುಮಾರು 12 ಕಿಲೋಮೀಟರು ದೂರದ ಶ್ರವಣಬೆಳಗೊಳಕ್ಕೆ ಹೋಗಬೇಕು.

ಎರಡು ಬೆಟ್ಟಗಳ ನಡುವೆ ಕಲ್ಯಾಣಿ, ಅದರ ಸುತ್ತ ಊರು. ದೊಡ್ಡ ಬೆಟ್ಟದ ಮೆಟ್ಟಿಲುಗಳನ್ನು ಬಂಡೆಯಲ್ಲಿಯೇ ಕಡಿದಿದ್ದಾರೆ. ಅವು ಆರುನೂರಕ್ಕೂ ಹೆಚ್ಚು. ಪಾದರಕ್ಷೆಗಳನ್ನು ಕೆಳಗೆ ಬಿಟ್ಟು ಹತ್ತಬೇಕಾದುದರಿಂದ ಬೇಸಗೆಯ ಮಧ್ಯಾಹ್ನ ಹೊರಡುವುದು ಜಾಣತನವಲ್ಲ. ಮೇಲೆ, ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ. ಗಂಗರ ದೊರೆ ರಾಚಮಲ್ಲನ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಇದನ್ನು ಮಾಡಿಸಿದನು. ಮೂರ್ತಿಯ ಪಾದದ ಬಳಿಯ ಶಾಸನಗಳು ಇದನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಸಾರುತ್ತವೆ. ಸುತ್ತಾಲಯವನ್ನು ಕಟ್ಟಿಸಿದ ಹೊಯ್ಸಳ ದಂಡನಾಯಕ ಗಂಗರಾಜನ ಹೆಸರಿಗೂ ಅಲ್ಲಿ ಸ್ಥಳ ದೊರೆತಿದೆ.

ಐತಿಹ್ಯದ ಪ್ರಕಾರ ಈ ಕಾರ್ಯಕ್ಕೆಲ್ಲ ಮೂಲ ಚಾವುಂಡರಾಯನ ತಾಯಿ ಕಾಳಲಾದೇವಿ. ಪೌದನಪುರದ ಬಾಹುಬಲಿಯ ದರ್ಶನವಾಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಆಕೆ ವ್ರತ ತೊಟ್ಟಳಂತೆ. ಹಾಲಿನಿಂದ ಆರಂಭವಾದ ಕಥೆ ಹಾಲಿನಲ್ಲಿಯೇ ಮುಗಿಯುತ್ತದೆ. ಮೂರ್ತಿ ಸಿದ್ಧವಾಯಿತು, ಇಂಥ ಕಾರ್ಯ ತನ್ನಿಂದಾಯಿತೆಂಬ ಹೆಮ್ಮೆಯೂ ಮಂತ್ರಿಯ ಮನಸ್ಸಿನಲ್ಲಿ ಮೊಳೆಯಿತು. ಕೊಡಕೊಡ ಹಾಲು ಸುರಿದರೂ ಅಭಿಷೇಕ ಸ್ವಾಮಿಯ ತೊಡೆಯಿಂದ ಕೆಳಗಿಳಿಯಲೊಲ್ಲದು! ನೆರೆದವರೆಲ್ಲ ದಿಙ್ಮೂಢರಾಗಿದ್ದಾಗ ಒಬ್ಬ ಬಡ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ಒಂದಿಷ್ಟು ಹಾಲು ಹಿಡಿದು ಬಂದಳು. ಜನ ನಕ್ಕರು. ಆ ಗುಟುಕು ಹಾಲು ಮಾತ್ರ ಮುಡಿಯಿಂದ ಅಡಿಯವರೆಗೆ ಹರಿದು, ಬೆಟ್ಟವನ್ನೂ ತೋಯಿಸಿ ಕೆಳಗಿಳಿಯಿತು.

ಅವಳು ಮುದುಕಿಯೇ ಅಲ್ಲ, ಮಂತ್ರಿಯ ಗರ್ವವನ್ನು ಇಳಿಸಲು ವೇಷ ತೊಟ್ಟು ಬಂದ ಕೂಷ್ಮಾಂಡಿನೀ ದೇವಿ ಎಂದು ಬಲ್ಲವರು ವಿವರಿಸುತ್ತಾರೆ. ಭಕ್ತಿಗೆ ಅದು ಒಪ್ಪುವ ಮಾತೇ. ಆದರೆ ಕಥೆಯ ಅರ್ಧ ಸ್ವಾರಸ್ಯ ಅಲ್ಲಿಗೇ ಸೋರಿಹೋಗುತ್ತದೆ. ದೇವತೆಗೆ ಹಾಲು ಹರಿಸುವುದು ಏನು ದೊಡ್ಡದು? ಬೆಟ್ಟ ಹತ್ತಿ ಏದುಸಿರು ಬಿಡುತ್ತ ನಿಂತ, ನಾಲ್ಕು ಜನರ ನಗೆಗೆ ಗುರಿಯಾದ ಅಜ್ಜಿಯೇ ಕೇಳುವವರ ಕಣ್ಣಿಗೆ ಕಟ್ಟುವವಳು. ಗೊಮ್ಮಟನನ್ನು ಮಾಡಿಸಿದವನ ಹೆಸರನ್ನು ಶಾಸನ ಕಾಪಾಡಿತು. ಅಭಿಷೇಕವನ್ನು ಪೂರ್ಣಗೊಳಿಸಿದವಳನ್ನು ಕಾಪಾಡಿದ್ದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದ ಮಾತು. ಅವಳ ಹೆಸರೂ ಕೈಯಲ್ಲಿದ್ದ ಕಾಯಿಯಿಂದಲೇ ಬಂದದ್ದು.

ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2018ರಲ್ಲಿ ಜರುಗಿತು. ಅಟ್ಟಣೆಯ ಮೇಲಿನಿಂದ 1008 ಕಲಶಗಳ ನೀರು, ಹಾಲು, ಕಬ್ಬಿನ ರಸ, ಅರಿಸಿನ, ಚಂದನಗಳು ಧಾರೆಯಾಗಿ ಇಳಿಯುವಾಗ ಕ್ಷಣಕ್ಷಣಕ್ಕೂ ಬಣ್ಣ ಬದಲಾಗುವ ಆ ಮೂರ್ತಿಯನ್ನು ಕಂಡವರು ಮರೆಯಲಾರರು. ಅಜ್ಜಿ ಇರುವುದು ಸುತ್ತಾಲಯದ ಹೊರಗೆ, ಬಾಗಿಲಿಗೆ ಎದುರಾದ ಮಂಟಪದಲ್ಲಿ. ಚಾವುಂಡರಾಯನೇ ಅವಳ ಪ್ರತಿಮೆಯನ್ನು ನಿಲ್ಲಿಸಿದನೆಂದು ಪ್ರತೀತಿ. ದರ್ಶನದ ಆತುರದಲ್ಲಿ ಒಳಗೆ ಧಾವಿಸುವ ಯಾತ್ರಿಕರ ಬೆನ್ನು ಅವಳ ಕಡೆಗಿರುತ್ತದೆ. ಹೊರಗೆ ಬರುವಾಗ ಎದುರಿಗೇ ಕಾಣುತ್ತಾಳೆ, ಎರಡೂ ಕೈಗಳಲ್ಲಿ ಆ ಪುಟ್ಟ ಗುಳ್ಳಕಾಯಿಯನ್ನು ಹಿಡಿದು.