ಕಣ್ಣಿಗೊಂದು ಬೀಗ

ಪರಸ್ಥಳದಲ್ಲಿ ಸಂಸಾರ ಹೂಡಿದವನಿಗೆ ಬೀಗದ ಮೇಲಿರುವಷ್ಟು ಭಕ್ತಿ ದೇವರ ಮೇಲೂ ಇರುವುದಿಲ್ಲವೆಂದು ತೋರುತ್ತದೆ. ನಮ್ಮ ರೋಹಿಣಿಯಲ್ಲಿ ಕೆಳಗಿನ ಗೇಟಿಗೊಂದು, ಜಾಲರಿ ಬಾಗಿಲಿಗೊಂದು, ಮರದ ಬಾಗಿಲಿಗೊಂದು ಬೀಗ. ಇವು ಸಾಲದೆಂದು ಈಗ ಕ್ಯಾಮೆರಾ. ನಾನೂ ನನ್ನಾಕೆಯೂ ಬೆಳಿಗ್ಗೆ ಮೆಟ್ರೊ ಹಿಡಿದು ಕಚೇರಿಗೆ ಹೊರಟರೆ ಮನೆಯಲ್ಲಿ ಉಳಿಯುವವರು ಎಪ್ಪತ್ತು ದಾಟಿದ ನಮ್ಮ ತಾಯಿ ಒಬ್ಬರೇ. ಅವರು ಜಾರಿ ಬಿದ್ದರೆ ಗತಿಯೇನು ಎಂಬ ಅಂಜಿಕೆಯಿಂದ ಹಜಾರದಲ್ಲಿ ಅಂಗೈಯಗಲದ ಕ್ಯಾಮೆರಾ ಒಂದನ್ನು ಕೂರಿಸಿದೆವು.

ಕಡತಗಳ ನಡುವೆ ಫೋನು ತೆರೆದರೆ ತಾಯಿ ಕಾಣುವರು, ನಿಜ. ಆದರೆ ವೈಫೈ ಸೊರಗಿದಾಗ ಚಿತ್ರ ಇದ್ದಲ್ಲೇ ನಿಂತುಬಿಡುತ್ತದೆ. ಒಮ್ಮೆ ಅವರು ಬಗ್ಗಿದ ಭಂಗಿಯಲ್ಲೇ ಹತ್ತು ನಿಮಿಷ ಉಳಿದುದನ್ನು ಕಂಡು ನನ್ನ ಜೀವ ಹಾರಿಹೋಯಿತು. ಅವರೋ ಅಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕಿ ಊಟವನ್ನೇ ಮುಗಿಸಿದ್ದರು! ವಿದ್ಯುತ್ತು ಹೋದರಂತೂ ಈ ಕಣ್ಣು ಕುರುಡು.

ಇದಕ್ಕಿಂತ ದೊಡ್ಡ ಮಾತೆಂದರೆ, ನಾವು ನೋಡುವ ಕಿಂಡಿಯಲ್ಲಿ ಪರರೂ ಇಣುಕಬಹುದು. 2016ರಲ್ಲಿ ಮಿರೈ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಯಾರೂ ಬದಲಾಯಿಸದ ಕ್ಯಾಮೆರಾಗಳೇ ಮೊದಲಾದವನ್ನು ಹುಡುಕಿ ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳ ದಂಡು ಅಮೆರಿಕದ ಡೈನ್ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ತಾಸುಗಟ್ಟಲೆ ತಡವರಿಸಿದವು. ಬೀಗ ಕೊಂಡು ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದರೆ ಇನ್ನೇನಾದೀತು?

ತಾಯಿಗೆ ಇದೊಂದೂ ತಿಳಿಯದು. ಆದರೂ ಅವರು ಹಜಾರದಲ್ಲಿ ಕಾಲು ಚಾಚಿ ಮಲಗುವುದನ್ನು ಬಿಟ್ಟರು. ಗುನುಗುತ್ತಿದ್ದ ದೇವರನಾಮವೂ ನಿಂತಿತು. ಕೇಳಿದರೆ, "ದಿನವೆಲ್ಲ ಸಾಹೇಬರು ನಿನ್ನ ಬೆನ್ನ ಹಿಂದೆ ನಿಂತರೆ ನಿನಗೆ ಬರೆಯಲು ಕೈ ಓಡುತ್ತದೆಯೇನಪ್ಪಾ?" ಎಂದರು.

ಖಾಸಗಿತನವು ಮೂಲಭೂತ ಹಕ್ಕೆಂದು ಇದೇ ದೆಹಲಿಯ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರಾದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿನ ಮೆಟ್ಟಿಲೇರಿದಾಗ ವಯಸ್ಸು ಎಂಬತ್ತು ದಾಟಿತ್ತು. ನಮ್ಮ ತಾಯಿ ಆ ತೀರ್ಪನ್ನು ಓದದೆಯೇ ಅದರ ತಿರುಳನ್ನು ಹೇಳಿದ್ದರು.

ನಮ್ಮ ಮನೆಯ ತೀರ್ಪು ಹೀಗಾಯಿತು: ಕ್ಯಾಮೆರಾ ಹೊರಬಾಗಿಲನ್ನಷ್ಟೇ ಕಾಯತಕ್ಕದ್ದು, ಅದರ ಗುಪ್ತಪದ ಉದ್ದವಾಗಿರತಕ್ಕದ್ದು, ತಂತ್ರಾಂಶದ ಪರಿಷ್ಕರಣೆಯನ್ನು ತಿಂಗಳಿಗೊಮ್ಮೆ ವಿಚಾರಿಸತಕ್ಕದ್ದು. ಒಳಗಿನ ಕ್ಷೇಮಕ್ಕೆ ಮಧ್ಯಾಹ್ನ ಒಂದು ಗಂಟೆಗೆ ನನ್ನ ಫೋನು. ಅಂಜಿಕೆ ಪೂರ್ತಿ ಹೋಯಿತೆನ್ನಲಾರೆ. ಅದಕ್ಕಾಗಿ ಕೆಳಮನೆಯ ಪಂಜಾಬಿ ತಾಯಿಯ ಕೈಯಲ್ಲಿ ನಮ್ಮ ಬಾಗಿಲಿನ ಇನ್ನೊಂದು ಕೀಲಿಕೈ ಇದೆ.