ನಿಯಮವೂ ನಂಬಿಗಸ್ತಿಕೆಯೂ

ಬೆಂಗಳೂರಿನ ಪಶ್ಚಿಮಕ್ಕಿರುವ ಅನ್ನಪೂರ್ಣೇಶ್ವರಿ ನಗರದ ಮನೆಗಳಲ್ಲಿ ಸರ್ವಜ್ಞನ ತ್ರಿಪದಿಯೊಂದನ್ನಾದರೂ ಬಾಯಿಪಾಠ ಬಲ್ಲ ಹಿರಿಯರು ಹಲವರಿದ್ದಾರು. ಚದುರಿಹೋಗಿದ್ದ ಆ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ, ಶೋಧಿಸಿ, 1924ರಲ್ಲಿ ಗ್ರಂಥರೂಪಕ್ಕೆ ತಂದವರು ಒಬ್ಬ ಕ್ರೈಸ್ತ ಪಾದ್ರಿಗಳೆಂಬುದನ್ನು ಬಲ್ಲವರಾದರೋ ವಿರಳ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೋಧಕರಾಗಿದ್ದು, 1962ರಲ್ಲಿ ದಿವಂಗತರಾದರು.

ಪಾದ್ರಿಯಾದವನಿಗೆ ವಿಧಿಸಿದ ಕರ್ತವ್ಯಗಳೇನು ಅಲ್ಪವೇ? ಭಾನುವಾರದ ಆರಾಧನೆ, ದೀಕ್ಷಾಸ್ನಾನ, ವಿವಾಹ, ಸಮಾಧಿ, ರೋಗಿಗಳ ಸಂದರ್ಶನ: ಇಷ್ಟನ್ನು ಲೋಪವಿಲ್ಲದೆ ನಡೆಸಿದವನನ್ನು ಯಾರೂ ದೂಷಿಸಲಾರರು. ಪರಜನರ ಕವಿಯೊಬ್ಬನಿಗಾಗಿ ಬಿಸಿಲಿನಲ್ಲಿ ಅಲೆಯಬೇಕೆಂಬ ವಿಧಿ ಆ ಪಟ್ಟಿಯಲ್ಲಿಲ್ಲ. ಇದು ಸ್ವಮತಕ್ಕೆ ಬಗೆದ ದ್ರೋಹವಲ್ಲವೇ ಎಂದು ಕೇಳುವವರೂ ಉಂಟು.

ಇದಕ್ಕೆ ಉತ್ತರವು ಲೂಕನ ಸುವಾರ್ತೆಯ ಒಂದು ಕಥೆಯಲ್ಲಿಯೇ ದೊರೆಯುವುದು. ಆಸ್ತಿಯನ್ನು ಹಾಳುಮಾಡಿ ಹಿಂದಿರುಗಿದ ಕಿರಿಯ ಮಗನನ್ನು ತಂದೆಯು ತಬ್ಬಿಕೊಂಡನೆಂಬುದನ್ನು ಎಲ್ಲರೂ ಬಲ್ಲರು, ಹಿರಿಯನನ್ನು ಮರೆಯುವರು. ಅವನು ಒಮ್ಮೆಯೂ ತಂದೆಯ ಅಪ್ಪಣೆಯನ್ನು ಮೀರಿದವನಲ್ಲ, ಹೊಲದ ದುಡಿತವನ್ನು ಬಿಟ್ಟವನಲ್ಲ. ಆದರೂ ಮನೆಯೊಳಗೆ ಹಬ್ಬದೂಟ ನಡೆದಿರುವಾಗ ಅವನು ಹೊರಗೆ ಮುನಿಸಿಕೊಂಡು ನಿಂತನು. ತಮ್ಮನೆಂದು ಕರೆಯಲೂ ಅವನ ನಾಲಗೆ ಏಳಲಿಲ್ಲ. 'ಈ ನಿನ್ನ ಮಗ'ನೆಂದನಂತೆ! ವ್ಯಾಕರಣದೋಷವೊಂದೂ ಇಲ್ಲದೆ ಬರೆದ ಕಾಗದದಲ್ಲಿ ಅಕ್ಕರೆಯ ಒಂದು ಮಾತೂ ಇಲ್ಲದಿರಬಹುದು. ಉಪಾಧ್ಯಾಯರು ಅದಕ್ಕೆ ಪೂರ್ಣ ಅಂಕಗಳನ್ನು ಕೊಟ್ಟಾರು, ತಾಯಿ ಕೊಡಳು.

ಕನ್ನಡ ಬೈಬಲ್ಲಿನಲ್ಲಿ 'ನಂಬಿಗಸ್ತ'ನೆಂಬ ಒಂದು ಮಾತುಂಟು. ದೇವರನ್ನು ನಂಬಿದವನು ಎಂಬಲ್ಲಿಗೇ ಅದು ನಿಲ್ಲದು. ಇತರರು ನಂಬಬಹುದಾದವನೆಂಬ ಅರ್ಥವನ್ನೂ ಹೊತ್ತಿದೆ. ಚನ್ನಪ್ಪನವರು ಕ್ರಿಸ್ತನನ್ನು ಬಿಡಲಿಲ್ಲ, ಬೋಧಕವೃತ್ತಿಯನ್ನು ಮುಚ್ಚಿಡಲೂ ಇಲ್ಲ. ಆದರೆ ನೆರೆಮನೆಯವರ ನಿಧಿಯನ್ನು ತಮ್ಮದೆಂಬಷ್ಟು ಜೋಕೆಯಿಂದ ಕಾಯ್ದರು. ಸಿದ್ಧರಾಮನ ಸಾಹಿತ್ಯವನ್ನೂ ಮೋಳಿಗೆಯ ಮಾರಯ್ಯನ ವಚನಗಳನ್ನೂ ಸಂಪಾದಿಸಿಕೊಟ್ಟರು.

ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕನ್ನಡಿಗರು ಕುಳ್ಳಿರಿಸಿದುದು ಈ ಪಾದ್ರಿಗಳನ್ನೇ. ಆ ಮೇಲೆಯೂ ಅವರು ವಿಶ್ರಮಿಸಲಿಲ್ಲ. ಬಸವಣ್ಣನವರ ಅನುಭವ ಮಂಟಪವು ಕಟ್ಟುಕಥೆಯೆಂಬ ವಾದವೆದ್ದಾಗ, ಅದು ನಿಜವಾಗಿ ಇದ್ದಿತೆಂದು ಸಾಧಿಸುವ ಗ್ರಂಥವನ್ನು ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, 1951ರಲ್ಲಿ, ಪ್ರಕಟಿಸಿದರು.