ಬಾವಿಕಟ್ಟೆಯ ಪಾಠ

ಕ್ರೈಸ್ತ ಸಭೆಯೆಂಬುದು ಕ್ರಿಸ್ತನ ದೇಹ ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ವಿವರಿಸುತ್ತಾನೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ, ಅಲಂಕಾರ ಕಲಿಸಿದ ನನಗೆ ಅದು ಸೊಗಸಾದ ಒಂದು ರೂಪಕವಾಗಿ ಮಾತ್ರ ಕಾಣುತ್ತಿತ್ತು. ದೇಹವೆಂದ ಮೇಲೆ ಅದಕ್ಕೆ ಕೈಗಳಿರಬೇಕು, ಆ ಕೈಗಳು ನೋಯಬೇಕು ಎಂಬುದು ಹೊಳೆದದ್ದು ನಿವೃತ್ತಿಯ ಬಳಿಕ.

ನಮ್ಮದು ಮಂಗಳೂರಿನ ಒಂದು ಪುಟ್ಟ ಸಭೆ. ಮೂಲ ಬಾಸೆಲ್ ಮಿಷನ್ನಿನದು. 1834ರಲ್ಲಿ ಇಲ್ಲಿಗೆ ಬಂದ ಆ ಮಿಷನರಿಗಳ ಎಲ್ಲ ವಿಚಾರಗಳನ್ನೂ ನಾನು ಒಪ್ಪುವವನಲ್ಲ. ಆದರೆ ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು ಮನೆ, ಕಸುಬು ಎರಡನ್ನೂ ಕಳೆದುಕೊಂಡಾಗ, ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂದು ಅವರು ಅರಿತರು. ಮಗ್ಗಗಳು ಬಂದವು, 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹಂಚು ಮುಂದೆ ಇಗರ್ಜಿ, ದೇವಸ್ಥಾನ, ಮಸೀದಿ, ಶಾಲೆಗಳೆಲ್ಲದರ ಮಾಡಿಗೂ ಏರಿತು. ಒಳಗಿರುವವರ ಮತ ಯಾವುದೆಂದು ಹಂಚು ಕೇಳುವುದಿಲ್ಲ.

ಇದನ್ನೆಲ್ಲ ನಾನು ಸಭೆಯ ಸಮಾರಂಭಗಳಲ್ಲಿ ಬಹಳ ಚೆನ್ನಾಗಿ ಭಾಷಣ ಮಾಡುತ್ತಿದ್ದೆ!

2016ರ ಬೇಸಗೆ. ತುಂಬೆಯ ಅಣೆಕಟ್ಟಿನಲ್ಲಿ ನೀರು ತೀರ ಇಳಿದು, ನಗರದ ನಲ್ಲಿಗಳು ಒಣಗಿದವು. ನಮ್ಮ ದೇವಾಲಯದ ಅಂಗಳದ ಬಾವಿಯಲ್ಲಿ ಮಾತ್ರ ನೀರಿತ್ತು. ಹಿಂದಿನ ಬೀದಿಯ ಶೆಡ್ಡುಗಳಲ್ಲಿ ಬಿಡಾರ ಹೂಡಿದ್ದ ಉತ್ತರ ಕರ್ನಾಟಕದ ಕಟ್ಟಡ ಕೂಲಿಗಳು ಕೊಡ ಹಿಡಿದು ಬರತೊಡಗಿದರು. ಕೆಸರಾಗುತ್ತದೆ, ಮಕ್ಕಳು ಬಾವಿಗೆ ಬಿದ್ದರೆ ಹೊಣೆ ಯಾರು ಎಂಬ ಮಾತೆದ್ದಿತು. ಹಿರಿಯರ ಮಂಡಳಿ ಸೇರಿತು. ಕಾರ್ಯದರ್ಶಿ ನಾನೇ. ಹೊರಗಿನವರು ಆವರಣವನ್ನು ಪ್ರವೇಶಿಸಕೂಡದೆಂಬ ನಿರ್ಣಯವನ್ನು ಒಂದು ಅಕ್ಷರವೂ ತಪ್ಪದಂತೆ ಬರೆದು, ಮೊದಲ ಸಹಿ ಹಾಕಿದೆ. ಗೇಟಿಗೆ ಬೀಗ ಬಿತ್ತು.

ನಾಲ್ಕಾರು ದಿನಗಳಾದ ಮೇಲೆ ಬೆಳಗಿನ ಜಾವ ವಾಯುಸಂಚಾರಕ್ಕೆ ಹೊರಟವನಿಗೆ ರಾಟೆಯ ಸದ್ದು ಕೇಳಿಸಿತು. ದೇವಾಲಯ ಗುಡಿಸುವ ವೃದ್ಧೆ ನೀರು ಸೇದುತ್ತಿದ್ದರು. ಹುಡುಗಿಯಾಗಿದ್ದಾಗಲೇ ಹಂಚಿನ ಕಾರ್ಖಾನೆಗೆ ಕೂಲಿಗೆ ಹೋಗಿ ಹಂಚು ಹೊತ್ತವರು, ಬೆನ್ನು ಬಾಗಿತ್ತು. ಸೇದಿದ ನೀರನ್ನು ಗೇಟಿನವರೆಗೆ ಹೊತ್ತು, ಸರಳುಗಳ ನಡುವಿನಿಂದ ಚೊಂಬಿನಲ್ಲಿ ಹೊರಗಿನ ಕೊಡಗಳಿಗೆ ತುಂಬಿಸುತ್ತಿದ್ದರು. ಹೊರಗೆ ಇಪ್ಪತ್ತಕ್ಕೂ ಹೆಚ್ಚು ಕೊಡಗಳು.

ನನ್ನನ್ನು ಕಂಡು ಅವರು ಬೆದರಲಿಲ್ಲ. "ಅವರು ಒಳಗೆ ಬರಬಾರದೂಂತ ಬರೆದಿದ್ದೀರಿ ಮಾಸ್ಟ್ರೇ. ನೀರು ಹೊರಗೆ ಹೋಗಬಾರದೂಂತ ಬರೆದಿಲ್ಲವಲ್ಲ?" ಎಂದರು.

ವ್ಯಾಕರಣದ ಮೇಷ್ಟರ ಬಳಿ ಉತ್ತರವಿರಲಿಲ್ಲ. ಸಮರ್ಯದ ಹೆಂಗಸಿನ ಬಳಿ ಕ್ರಿಸ್ತನೇ ನೀರು ಬೇಡಿದ್ದು ಇಂಥದೇ ಒಂದು ಬಾವಿಯ ಬಳಿಯಲ್ಲವೇ? ಹಗ್ಗಕ್ಕೆ ಕೈಹಾಕಿದೆ. ಹತ್ತು ಕೊಡ ಸೇದುವಷ್ಟರಲ್ಲಿ ಅಂಗೈ ಬೊಬ್ಬೆಯೆದ್ದಿತು. ಮರುದಿನ ಯುವಜನ ಸಂಘದ ಇಬ್ಬರು ಹುಡುಗರು ಬಂದರು, ಆಮೇಲೆ ಇನ್ನೂ ಕೆಲವರು. ವಾರದೊಳಗೆ ಬೀಗ ತೆಗೆಯಲಾಯಿತು. ತೆಗೆದವರಾರೆಂದು ಯಾರೂ ವಿಚಾರಿಸಲಿಲ್ಲ. ಸಭಾಪಾಲಕರು ಇದನ್ನು ಪ್ರಸಂಗದಲ್ಲಿ ಎತ್ತಲಿಲ್ಲ. ಅದು ಅವರ ದೊಡ್ಡತನ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ನಿರ್ಣಯವನ್ನು ರದ್ದುಗೊಳಿಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ನಡಾವಳಿ ಪುಸ್ತಕದಲ್ಲಿ ಅದು ಇಂದಿಗೂ ಇದೆ, ನನ್ನ ದುಂಡಗಿನ ಅಕ್ಷರಗಳಲ್ಲಿ.